ಸಾದಾ ನೀರಿನಲ್ಲಿ ನಾಲ್ಕು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಏಳನೆಯ ತರಗತಿಗೇ ಪುಸ್ತಕ ಮುಚ್ಚಿಟ್ಟವರು. ಆದರೂ ಆ ಕಲಾಯಿ ಶೆಡ್ಡಿನಲ್ಲಿ ಯಜಮಾನಿಯಿಂದ ಹಿಡಿದು ಲಾರಿ ಡ್ರೈವರಿನ ತನಕ ಎಲ್ಲರ ಬಾಯಲ್ಲೂ ಅವರು ಮೇಷ್ಟ್ರೇ. ಬೆಳಿಗ್ಗೆ ಬಂದವರೇ ಅಂಗಿಯ ತೋಳು ಮಡಚಿ, ಕನ್ನಡಕ ಮೂಗಿನ ಮೇಲೆ ಏರಿಸಿ, ತವರದ ದ್ರವದ ತೊಟ್ಟಿಯ ಮೇಲೆ ಬಗ್ಗುತ್ತಿದ್ದರು. ಅದರಲ್ಲಿ ತೇಲುತ್ತಿದ್ದ ಗಾಜಿನ ಮೀಟರನ್ನು ಓದಿ, "ಇಪ್ಪತ್ತೆರಡು. ಹಾಕ್ರಪ್ಪಾ!" ಎಂದು ಕೂಗುವವರೆಗೆ ಒಂದೇ ಒಂದು ತಾಮ್ರದ ತುಂಡೂ ತೊಟ್ಟಿಗೆ ಇಳಿಯುವಂತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ನಡೆದುಬಂದ ಕ್ರಮ ಅದು.

ದಪ್ಪ ವಿದ್ಯುತ್ ತಂತಿಗಳ ತುದಿಗೆ ಕೂರಿಸುವ ತಾಮ್ರದ ಲಗ್ಗುಗಳು ಅಲ್ಲಿಗೆ ಡಬ್ಬಿಗಟ್ಟಲೆ ಬರುತ್ತಿದ್ದವು. ಬರಿಯ ತಾಮ್ರ ಗಾಳಿಗೆ ಹಸಿರುಗಟ್ಟುತ್ತದೆ. ಮೇಲೆ ತವರದ ತೆಳ್ಳನೆಯ ಪದರ ಕೂತರೆ ಬೆಳ್ಳಗೆ ಉಳಿಯುತ್ತದೆ, ಬೆಸುಗೆಯೂ ಚೆನ್ನಾಗಿ ಹಿಡಿಯುತ್ತದೆ. ಲಗ್ಗುಗಳ ಜಿಡ್ಡು ಹೋಗುವಂತೆ ಕಾಸ್ಟಿಕ್ ಸೋಡಾ, ಸೋಪಿನ ನೀರಿನಲ್ಲಿ ತೊಳೆದುಕೊಡುವವಳು ಅಕ್ಕ. ಮೇಷ್ಟ್ರಿಗಿಂತ ಹತ್ತು ವರ್ಷ ಚಿಕ್ಕವಳಾದರೂ ಅವರಿಗೂ ಆಕೆ ಅಕ್ಕನೇ. ಆಕೆಗೆ ಅವರು ಅಣ್ಣ. ತೊಳೆದದ್ದನ್ನು ಕೊಕ್ಕೆಗಳಿಗೆ ನೇತುಹಾಕಿ ತೊಟ್ಟಿಗೆ ಇಳಿಸುವವನು ಬಡಕಲು ಮೈಯ ಮಾತುಗಾರ. ಅವನ ಹೆಸರೇ ಕೊಕ್ಕೆ. ಇಳಿಸಿದ ಮೇಲೆ ಕರೆಂಟು ಬಿಡುವುದು, ಎಷ್ಟು ಹೊತ್ತು ಎಂದು ನಿರ್ಧರಿಸುವುದು, ತೊಟ್ಟಿಯ ಆರೋಗ್ಯ ನೋಡಿಕೊಳ್ಳುವುದು ಮೇಷ್ಟ್ರ ಪಾಲಿನದು.

ಮೀಟರು ಎಂದರೆ ತುದಿಯಲ್ಲಿ ಸೀಸದ ಗುಂಡು ತುಂಬಿದ, ಗೇಣುದ್ದದ ಗಾಜಿನ ಕೊಳವೆ. ಒಳಗಿನ ಕಾಗದದ ಮೇಲೆ ಗೆರೆ, ಅಂಕಿ. ದ್ರವ ಗಟ್ಟಿಯಾದಷ್ಟೂ ಅದು ಮೇಲೆದ್ದು ತೇಲುತ್ತದೆ, ನೀರಾದಷ್ಟೂ ಮುಳುಗುತ್ತದೆ. ಸಾದಾ ನೀರಿನಲ್ಲಿ ಸೊನ್ನೆಯ ಗೆರೆಯವರೆಗೂ ಮುಳುಗಬೇಕು. ಆ ತೊಟ್ಟಿಗೆ ಹಿತವಾದ ಅಂಕಿ ಇಪ್ಪತ್ತೆರಡು. ಇಪ್ಪತ್ನಾಲ್ಕು ತೋರಿಸಿದರೆ ಮೇಷ್ಟ್ರು ಎರಡು ಬಕೆಟ್ ನೀರು ಹೊಯ್ಯುತ್ತಿದ್ದರು, ಇಪ್ಪತ್ತಕ್ಕೆ ಇಳಿದರೆ ಕ್ಯಾನಿನಿಂದ ಗಟ್ಟಿ ತವರದ ದ್ರವ ಬಗ್ಗಿಸುತ್ತಿದ್ದರು.

ನಾಲ್ಕು ವರ್ಷದ ಹಿಂದೆ ತೊಟ್ಟಿಯ ನೀರೇ ಬದಲಾಯಿತು. ಅದುವರೆಗೆ ಗಂಧಕಾಮ್ಲದಲ್ಲಿ ಕರಗಿಸಿದ ತವರ ಇತ್ತು. ಕೆಲಸ ಬೇಗ ಆಗಲೆಂದು ಯಜಮಾನಿ ತವರದ ಫ್ಲೋರೋಬೋರೇಟ್ ತರಿಸಿದರು. ಪುಡಿಯಾಗಿ ಸಿಗದ ಉಪ್ಪು ಅದು. ನೀರಿನಲ್ಲಿ ಕರಗಿದ ರೂಪದಲ್ಲೇ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬರುತ್ತದೆ. ನೋಡಲು ನೀರಿನಂತೆ ತಿಳಿ, ಎತ್ತಿದಾಗಷ್ಟೇ ಕೈಗೆ ಅದರ ಭಾರ ಗೊತ್ತಾಗುವುದು. ಕರೆಂಟನ್ನು ಚೆನ್ನಾಗಿ ತಾಳುತ್ತದೆ. ಹಿಂದೆ ಅರ್ಧ ಗಂಟೆ ಹಿಡಿಯುತ್ತಿದ್ದ ಪದರ ಹತ್ತು ನಿಮಿಷಕ್ಕೆ ಕೂರತೊಡಗಿತು.

ಕ್ಯಾನಿನ ಜೊತೆ ಒಂದು ಕಾಗದ ಬಂದಿತ್ತು. ಮೇಷ್ಟ್ರು ಅದನ್ನು ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಓದಿ ಗೋಡೆಗೆ ಅಂಟಿಸಿದರು. ಮೊಣಕೈವರೆಗೆ ಕೈಗವಸು ಹಾಕಿ, ಕಣ್ಣು ಮುಚ್ಚುವ ಕನ್ನಡಕ ಹಾಕಿ. ಕಾಯಿಸಿ ಬತ್ತಿಸಬೇಡಿ, ಏಳುವ ಹೊಗೆ ಎದೆಯನ್ನು ಸುಡುತ್ತದೆ. ಬೇರೆ ಆಮ್ಲದ ಜೊತೆ ಬೆರೆಸಬೇಡಿ. ಚೆಲ್ಲಿದರೆ ಸುಣ್ಣದ ಪುಡಿ ಹಾಕಿ. ಮೈಗೆ ತಾಗಿದರೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆದು ಕ್ಯಾಲ್ಸಿಯಂ ಜೆಲ್ ಹಚ್ಚಿ ಡಾಕ್ಟರ ಹತ್ತಿರ ಹೋಗಿ. ನೋವು ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ ಬರುತ್ತದೆ, ನೋವಿಲ್ಲವಲ್ಲ ಎಂದು ಕೂರಬೇಡಿ. ಗಾಜಿನಲ್ಲಿ ಇಡಬೇಡಿ, ಗಾಜನ್ನು ತಿನ್ನುತ್ತದೆ.

ಒಮ್ಮೆ ಕೊಕ್ಕೆ ಆ ದ್ರವವನ್ನು ಖಾಲಿ ಗಾಜಿನ ಬಾಟಲಿಗೆ ಬಗ್ಗಿಸಿಕೊಂಡಿದ್ದಕ್ಕೆ ಮೇಷ್ಟ್ರು ಶೆಡ್ಡು ಅದುರುವಂತೆ ಬೈದರು.

"ಗೋಡೆ ಮೇಲೆ ಬರೆದಿರೋದು ಯಾರಿಗೋ? ಹಲ್ಲಿಗಳಿಗಾ?"

"ಹಲ್ಲಿಗಳಾದ್ರೂ ದಿನಾ ಅದರ ಮೇಲೆ ಓಡಾಡ್ತವೆ ಮೇಷ್ಟ್ರೇ, ನನಗೆಲ್ಲಿ ಪುರುಸೊತ್ತು?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಅವರ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ, ಗಾಜಿನ ಮೀಟರು ತೊಟ್ಟಿಯಲ್ಲಿ ತೇಲುತ್ತಿತ್ತು. ಹಳೆಯ ತೊಟ್ಟಿಯಲ್ಲಿ ವರ್ಷಗಟ್ಟಲೆ ಹಗಲಿರುಳು ತೇಲಿದರೂ ಅದಕ್ಕೆ ಏನೂ ಆಗಿರಲಿಲ್ಲ. ಹೊಸ ನೀರು ಬಂದಾಗ ಅವರೇ ಕೈಯಾರೆ ಅದನ್ನು ಇದಕ್ಕೆ ದಾಟಿಸಿದ್ದರು. ಬಾಟಲಿ ಅವರ ಕಣ್ಣಿಗೆ ಗಾಜು. ಮೀಟರು ಮೀಟರು. ಬರಬರುತ್ತಾ ಅದರ ಮೈ ಮಸುಕಾದಾಗ, "ನಿಮ್ಮ ಮೀಟರಿಗೂ ಪೊರೆ ಬಂದಿದೆ, ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದು ಕೊಕ್ಕೆ ಹೇಳಿದ್ದನ್ನೂ ಅವರು ತಮಾಷೆ ಎಂದೇ ತಿಳಿದರು. ಹಿಂದೆಲ್ಲ ಮೂರು ತಿಂಗಳಿಗೊಮ್ಮೆ ಒಂದು ಪ್ಲಾಸ್ಟಿಕ್ ಸೀಸೆಯಲ್ಲಿ ತೊಟ್ಟಿಯ ನೀರನ್ನು ಲ್ಯಾಬಿಗೆ ಕಳಿಸುತ್ತಿದ್ದರು. ಮೇಷ್ಟ್ರ ಅಂಕಿಯ ಮೇಲಿನ ನಂಬಿಕೆಯಿಂದ ಅದೂ ನಿಂತುಹೋಗಿತ್ತು.

ಹೀಗಿರುವಾಗ ಗಿರಾಕಿಗಳಿಂದ ಲಗ್ಗುಗಳು ವಾಪಸು ಬರತೊಡಗಿದವು. ಮೂಲೆಗಳು ಕಪ್ಪಗೆ ಸುಟ್ಟಂತೆ, ಬೆರಳಲ್ಲಿ ಒರೆಸಿದರೆ ಪುಡಿಯಾಗಿ ಉದುರುವಂತೆ. ಯಜಮಾನಿ ಒಂದು ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ನಿಧಾನವಾಗಿ ಮಾತಾಡುವ ಹೆಂಗಸು. ಸಿಟ್ಟು ಬಂದರೆ ಇನ್ನೂ ನಿಧಾನ.

"ಮೇಷ್ಟ್ರೇ, ಏನಿದು?"

ಮೇಷ್ಟ್ರು ಎಲ್ಲರ ಎದುರಿಗೆ ತೊಟ್ಟಿಗೆ ಬಗ್ಗಿದರು. "ಇಪ್ಪತ್ತೆರಡು. ತೊಟ್ಟಿ ಸರಿಯಾಗಿದೆ ಅಮ್ಮಾ. ಇದು ಜಿಡ್ಡು."

ಜಿಡ್ಡು ಎಂದರೆ ತೊಳೆತ. ತೊಳೆತ ಎಂದರೆ ಅಕ್ಕ. ಆರೇಳು ಜನ ಒಟ್ಟಿಗೆ ಆಕೆಯ ಕಡೆ ತಿರುಗಿದರು.

"ಅಣ್ಣ, ಎರಡೆರಡು ನೀರಲ್ಲಿ ತೊಳೆದೇ ಕೊಟ್ಟಿದ್ದೀನಿ," ಎಂದಳು ಅಕ್ಕ.

"ಕೈಗೆ ಏನ್ ಹಚ್ಕೊಂಡಿದ್ದೀಯ? ಹೊಳೀತಿದೆಯಲ್ಲ."

"ಮುಲಾಮು. ಮಲಗೋವಾಗ ಹಚ್ತೀನಿ. ಕಾಸ್ಟಿಕ್ಕಿಗೆ ಕೈಯೆಲ್ಲ ಒಡೆಯುತ್ತೆ, ನಿಮಗೇ ಗೊತ್ತಲ್ಲ."

"ಅದೇ ಮತ್ತೆ," ಎಂದರು ಮೇಷ್ಟ್ರು, ಲೆಕ್ಕ ಬಿಡಿಸಿದವರ ಹಾಗೆ ಕೈ ಝಾಡಿಸಿ. "ನಿನ್ನ ಮುಲಾಮನ್ನೇ ನಾವು ಅಷ್ಟು ದೂರ ಕಳಿಸಿದ್ದೀವಿ ನೋಡು."

ಯಾರೋ ಕಿಸಕ್ಕೆಂದು ನಕ್ಕರು. ಅಕ್ಕ ಎರಡೂ ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡಳು.

ಮುಂದಿನ ಮೂರು ವಾರ ಆಕೆ ಮುಲಾಮು ಮುಟ್ಟಲಿಲ್ಲ. ಕೈಗವಸಿನ ಒಳಗಿನ ಪುಡಿಯೂ ಲಗ್ಗಿಗೆ ತಾಗುತ್ತದೆಂದು ಮೇಷ್ಟ್ರು ಹೇಳಿದ್ದರಿಂದ ಅದನ್ನೂ ತೆಗೆದಿಟ್ಟಳು. ಬೆರಳ ಸಂದಿಗಳು ಬಿರಿದು ರಕ್ತ ಜಿನುಗತೊಡಗಿತು. ಲಗ್ಗುಗಳು ಮಾತ್ರ ಹಾಗೇ ಕಪ್ಪಾಗಿ ಬಂದವು. ಒಂದು ಮಧ್ಯಾಹ್ನ ಕೊಕ್ಕೆಗೆ ಕೈ ನೀಡಲು ಹೋಗಿ, ತೊಟ್ಟಿಯಿಂದ ಎದ್ದ, ಲಗ್ಗುಗಳು ತೂಗುವ ಚೌಕಟ್ಟನ್ನು ಬರಿಗೈಯಲ್ಲಿ ಹಿಡಿದಳು. ನೀರು ತೋರುಬೆರಳಿನ ಬಿರುಕಿಗೆ ಇಳಿಯಿತು. ಆಗ ಏನೂ ಅನಿಸಲಿಲ್ಲ. ಸೆರಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಮನೆ ಸೇರುವ ಹೊತ್ತಿಗೆ ಉಗುರಿನ ಕೆಳಗೆ ಕೆಂಡ ಇಟ್ಟಂತೆ ಆಯಿತಂತೆ. ಡಾಕ್ಟರು ಬೆರಳು ಉಳಿಸಿದರು, ಉಗುರು ಬಿದ್ದುಹೋಯಿತು.

ಅಕ್ಕ ಕಟ್ಟು ಹಾಕಿಕೊಂಡು ಬಂದ ದಿನ ಮೇಷ್ಟ್ರು, "ಜೆಲ್ಲು ಕಪಾಟಿನಲ್ಲೇ ಇತ್ತಲ್ಲ, ಹೇಳಬಾರದಿತ್ತಾ?" ಎಂದರು. ಆಮೇಲೆ "ಮುಲಾಮು ಬಿಟ್ಟರೂ ಉದುರ್ತಿದೆ ಅಂದ್ರೆ ಸೋಪು ಸರಿಯಾಗಿ ಹೋಗ್ತಿಲ್ಲ" ಎಂದೂ ಸೇರಿಸಿದರು. ಅಕ್ಕ ತನ್ನ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

ಆಕೆಯ ಜಾಗಕ್ಕೆ ಯಾರೂ ಸಿಗದೆ ಮೇಷ್ಟ್ರೇ ಒಂದು ವಾರ ತೊಳೆದರು. ಎರಡು ನೀರಲ್ಲ, ನಾಲ್ಕು ನೀರು. ಆದರೂ ಮೂಲೆಗಳು ಕಪ್ಪು. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ, ಮೀಟರಿನ ಮಸುಕು ಹೋಗಲೆಂದು ಅದನ್ನು ತೊಟ್ಟಿಯಿಂದ ಎತ್ತಿ, ತೊಳೆದು, ನಲ್ಲಿಯ ಕೆಳಗೆ ತುಂಬಿಟ್ಟಿದ್ದ ನೀಲಿ ಬಕೆಟ್ಟಿಗೆ ಹಾಕಿದರು. ಅದು ಎರಡು ಸಲ ಮುಳುಗೆದ್ದು ನೆಟ್ಟಗೆ ನಿಂತಿತು.

ಅಭ್ಯಾಸಬಲದಿಂದ ಬಗ್ಗಿ ಓದಿದರು. ನಾಲ್ಕು.

ಬಕೆಟ್ಟಿನಲ್ಲಿ ಸೋಪು ಇರಬೇಕೆಂದು ನೀರು ಚೆಲ್ಲಿ ಬೇರೆ ಹಿಡಿದರು. ನಾಲ್ಕು. ಕುಡಿಯುವ ನೀರಿನ ಡ್ರಮ್ಮಿನಿಂದ ತಂದು ಸುರಿದರು. ನಾಲ್ಕು. ಮೀಟರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಪೊರೆ ಎಂದುಕೊಂಡಿದ್ದು ಕೊಳೆಯಾಗಿರಲಿಲ್ಲ. ಗಾಜಿನ ಮೈಯೇ ಸವೆದು ಉಗುರಿಗೆ ತರಿತರಿಯಾಗಿ ತಾಗುತ್ತಿತ್ತು. ನಾಲ್ಕು ವರ್ಷ ತೊಟ್ಟಿ ಅದನ್ನು ಕೂದಲೆಳೆಯಷ್ಟಷ್ಟೇ ತಿನ್ನುತ್ತಾ ಬಂದಿತ್ತು. ಸವೆದ ಮೀಟರು ಹಗುರಾಗಿತ್ತು, ಹಗುರಾದದ್ದು ಮೇಲೆದ್ದು ತೇಲಿತ್ತು, ಮೇಲೆದ್ದಾಗಲೆಲ್ಲ "ಗಟ್ಟಿಯಾಯ್ತು" ಎಂದು ಅವರು ನೀರು ಹೊಯ್ದಿದ್ದರು. ಇಪ್ಪತ್ತೆರಡು ಎಂದು ಕೂಗಿದ ದಿನಗಳಲ್ಲಿ ತೊಟ್ಟಿಯಲ್ಲಿ ಇದ್ದದ್ದು ಹದಿನೆಂಟರ ಆಸುಪಾಸು. ತವರ ಸಾಲದ ತೊಟ್ಟಿಯಲ್ಲಿ ಅದೇ ಕರೆಂಟಿಗೆ ಮೂಲೆಗಳು ಸುಡದೆ ಇನ್ನೇನು ಮಾಡುತ್ತವೆ?

ಮೇಷ್ಟ್ರು ಬೋರಲು ಹಾಕಿದ ಕ್ಯಾನಿನ ಮೇಲೆ ಕುಳಿತರು. ಎದುರಿಗೆ ಗೋಡೆಯ ಮೇಲೆ ಅವರೇ ಓದಿ ಅಂಟಿಸಿದ ಕಾಗದ. ಕೊನೆಯ ಸಾಲು ಕನ್ನಡಕವಿಲ್ಲದೆಯೂ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಯಾರಿಗೂ ಹೇಳದೆ ಲ್ಯಾಬ್ ಸಾಮಾನಿನ ಅಂಗಡಿಗೆ ಹೋದರು.

"ಯಾವುದಕ್ಕೆ ಬೇಕು?" ಎಂದ ಅಂಗಡಿಯವನು. ಹೇಳಿದರು. "ಪ್ಲಾಸ್ಟಿಕ್ಕಿಂದು ಕೊಡ್ತೀನಿ. ಅದಕ್ಕೆ ಗಾಜು ಹಾಕೋ ಪುಣ್ಯಾತ್ಮರೂ ಇದ್ದಾರೆ ಗೊತ್ತಾ?"

"ಇರ್ತಾರೆ, ಇರ್ತಾರೆ," ಎಂದು ಮೇಷ್ಟ್ರು ನಕ್ಕರು. ಆ ನಗುವಿನ ರುಚಿ ದಿನವಿಡೀ ಬಾಯಿಂದ ಹೋಗಲಿಲ್ಲ.

ಹಳೆಯ ಮೀಟರು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಊಟದ ಚೀಲ ಸೇರಿತು. "ತೊಟ್ಟಿ ಸ್ವಲ್ಪ ತೆಳುವಾಗಿತ್ತು" ಎಂದಷ್ಟೇ ಹೇಳಿ ಕ್ಯಾನುಗಳನ್ನು ಬಗ್ಗಿಸಿದರು. ಮರುದಿನದ ಲಗ್ಗುಗಳು ಮೂಲೆಯಿಂದ ಮೂಲೆಗೆ ಬೆಳ್ಳಗೆ ಬಂದವು. ಮೇಷ್ಟ್ರು ಎಣಿಸದೇ ಇದ್ದದ್ದು ಆಗ ನಡೆಯಿತು.

"ನೋಡಿದ್ರಾ? ಅಕ್ಕ ಹೋದ್ಲು, ಕಲಾಯಿ ಕೂತ್ಕೊಂಡ್ತು," ಎಂದ ಕೊಕ್ಕೆ.

"ನೀವು ಮೊದಲೇ ಹೇಳಿದ್ರಿ ಮೇಷ್ಟ್ರೇ. ನಾನೇ ಪಾಪ ಅಂತ ತಡ ಮಾಡ್ದೆ," ಎಂದರು ಯಜಮಾನಿ, ನಿಧಾನವಾಗಿ, ಮೆಚ್ಚುಗೆಯಿಂದ.

ಆ ಕ್ಷಣದಲ್ಲಿ ಬಾಯಿ ತೆರೆದಿದ್ದರೆ ಆಗುತ್ತಿತ್ತು. ತೆರೆಯಲಿಲ್ಲ. ತಪ್ಪು ಸರಿಪಡಿಸಿದ್ದೇ ಅಕ್ಕನ ಮೇಲೆ ಹೊರಿಸಿದ ತಪ್ಪಿಗೆ ಸಾಕ್ಷಿಯಾಗಿ ಕೂತುಬಿಟ್ಟಿತ್ತು. ಬಂದ ಪ್ರತಿ ಬಿಳಿ ಲಗ್ಗೂ ಆಕೆಯ ಕೈ ಕೊಳಕು ಎಂದು ಹೇಳುತ್ತಿತ್ತು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಹೊಸ ಮೀಟರನ್ನು ಓದುತ್ತಿದ್ದರು. ಅವರ ದನಿ ಎಷ್ಟು ಕುಗ್ಗಿತ್ತೆಂದರೆ ಕೊಕ್ಕೆ, "ಎಷ್ಟಂದ್ರಿ?" ಎಂದು ಮತ್ತೆ ಕೇಳಬೇಕಾಗುತ್ತಿತ್ತು.

ಮನೆಯಲ್ಲಿ ದಿನಾ ಬೆಳಿಗ್ಗೆ ದೇವರ ಮುಂದೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವವರು ಅವರು. ಆ ದಿನಗಳಲ್ಲಿ ಕಣ್ಣು ಮುಚ್ಚಿದರೆ ನೀಲಿ ಬಕೆಟ್ಟು ಕಾಣುತ್ತಿತ್ತು. ಎರಡೇ ನಿಮಿಷಕ್ಕೆ ಎದ್ದುಬಿಡುತ್ತಿದ್ದರು. ಅವರ ಹೆಂಡತಿ ಕೇಳುವವಳಲ್ಲ, ಕಾಯುವವಳು. ಹನ್ನೊಂದನೆಯ ದಿನ ಬಟ್ಟೆ ಸುತ್ತಿದ ಮೀಟರನ್ನು ತಂದು ಅವರ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ಮದುವೆಯಾದ ಮೇಲೆ ಒಂದು ದಿನ ಊಟದ ಚೀಲ ಒಗೆದವರಲ್ಲ ನೀವು. ಈಗ ದಿನಾ ನೀವೇ ಒಗೀತೀರಿ. ಇದೇ ಕಾರಣಾನಾ?"

ಮೇಷ್ಟ್ರು ಎಲ್ಲ ಹೇಳಿದರು. ಆಕೆ ಕೇಳಿಸಿಕೊಂಡು, "ಆ ಬೆರಳಿಗೆ ಉಗುರು ಬಂತಾ?" ಎಂದಷ್ಟೇ ಕೇಳಿದಳು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಊಟ ಬಿಟ್ಟು ಎದ್ದರು.

ಮರುದಿನ ಸಂಜೆ ಅವರು ಹುಡುಕಿಕೊಂಡು ಹೋದಾಗ ಅಕ್ಕ ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಒಣ ಕೆಲಸ. ಕೈ ವಾಸಿಯಾಗಿತ್ತು. ತೋರುಬೆರಳಿನ ತುದಿ ಮಾತ್ರ ಬೋಳಾಗಿ, ನುಣ್ಣಗೆ, ಗುಲಾಬಿಯಾಗಿ ಕಾಣುತ್ತಿತ್ತು. ಮೇಷ್ಟ್ರು ಇಸ್ತ್ರಿ ಮೇಜಿನ ಈಚೆ ನಿಂತು, ನೋಟವನ್ನು ಆ ಬೆರಳಿನಿಂದ ಕೀಳಲಾಗದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದರು. "ನನ್ನ ತಪ್ಪು ಅಕ್ಕ. ನಿಂದೇನೂ ಇರಲಿಲ್ಲ. ಕ್ಷಮಿಸು."

ಅಕ್ಕ ಅಂಗಿಯ ಕಾಲರನ್ನು ಮಡಚಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದಳು.

"ಮೂಲೆ ಕಪ್ಪಾದ್ರೆ ತೊಟ್ಟಿ ನೋಡು, ನಡುವೆ ಬೊಬ್ಬೆ ಎದ್ರೆ ತೊಳೆತ ನೋಡು. ಯಾರು ಕಲಿಸಿದ್ದು ಅಣ್ಣ ನನಗೆ?"

ಕಲಿಸಿದ್ದು ಅವರೇ. ಆಕೆ ಸೇರಿದ ಮೊದಲ ವಾರದಲ್ಲಿ.

"ಗೊತ್ತಿದ್ದು ಆವತ್ತು ಯಾಕೆ ಹೇಳಲಿಲ್ಲ?"

"ನೀವು ಇಪ್ಪತ್ತೆರಡು ಅಂದ್ರಿ. ಹನ್ನೊಂದು ವರ್ಷ ದಿನಾ ಕೇಳಿದ್ದೀನಿ ಅದನ್ನ. ಅದಕ್ಕೆ ಎದುರಾಡಬೇಕು ಅಂತ ತೋಚಲೇ ಇಲ್ಲ. ನನ್ನ ಕೈಯೇ ಸರಿ ಇಲ್ವೇನೋ ಅಂದ್ಕೊಂಡೆ. ಮುಲಾಮು ಬಿಟ್ಟು ಮೂರು ವಾರ ಆದ್ಮೇಲೆ ಗೊತ್ತಾಯ್ತು, ಕೈ ಸರಿಯಾಗೇ ಇದೆ ಅಂತ." ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು, ಮೊದಲ ಬಾರಿಗೆ ತಲೆಯೆತ್ತಿದಳು. "ನನಗೆ ಗೊತ್ತಿರೋದನ್ನೇ ನನಗೆ ಹೇಳೋಕೆ ಬಂದಿದ್ದೀರಿ. ಗೊತ್ತಿಲ್ಲದೆ ಇರೋರು ಅಲ್ಲಿದ್ದಾರೆ. ಆವತ್ತು ಅವರ ಮುಂದೆ ಹೇಳಿದ್ರಿ, ಇವತ್ತು ಬಟ್ಟೆಗಳ ಮುಂದೆ ಹೇಳ್ತಿದ್ದೀರಿ."

ಮೇಷ್ಟ್ರು ಹೊರಟರು.

ಮರುದಿನ ಬೆಳಿಗ್ಗೆ ಎಲ್ಲರೂ ಅಂಕಿಗಾಗಿ ಕಾಯುತ್ತಾ ನಿಂತಿದ್ದಾಗ ಅವರು ತೊಟ್ಟಿಯ ಕಡೆ ಹೋಗದೆ ನಲ್ಲಿಗೆ ಹೋದರು. ನೀಲಿ ಬಕೆಟ್ ತುಂಬಿ ತಂದು ನಡುವೆ ಇಟ್ಟು, ಯಜಮಾನಿಯನ್ನೂ ಕರೆಸಿದರು. ಚೀಲದಿಂದ ಹಳೆಯ ಮೀಟರು ತೆಗೆದು ನೀರಿಗೆ ಬಿಟ್ಟರು.

"ಕೊಕ್ಕೆ, ಓದು."

"ನಾನಾ? ನನಗೆ ಬಡ್ತಿ ಕೊಟ್ರಾ ಮೇಷ್ಟ್ರೇ?" ಎನ್ನುತ್ತಾ ಕೊಕ್ಕೆ ಕುಕ್ಕರಗಾಲಲ್ಲಿ ಕೂತ. "ನಾಲ್ಕು."

"ಬಕೆಟ್ಟಲ್ಲಿ ಏನಿದೆ?"

"ನೀರು."

"ಎಷ್ಟಿರಬೇಕು?"

ಕೊಕ್ಕೆಯ ನಗು ಅರ್ಧಕ್ಕೆ ನಿಂತಿತು. ಅವನು ಮೀಟರನ್ನು ನೋಡಿದ, ಗೋಡೆಯ ಕಾಗದ ನೋಡಿದ, ಆಮೇಲೆ ಮೇಷ್ಟ್ರನ್ನು ನೋಡಿದ. "ಪೊರೆ," ಎಂದ ಮೆಲ್ಲಗೆ.

"ಹೂಂ. ಅಕ್ಕನ ಕೈಯಲ್ಲಿ ಜಿಡ್ಡಿರಲಿಲ್ಲ. ನನ್ನ ಕಣ್ಣೆದುರಿಗೇ ಗಾಜು ಸವೀತಿತ್ತು. ನಾನು ಸುಳ್ಳು ಅಂಕಿ ಕೂಗಿದೆ. ಮುಲಾಮು ಬಿಡಿಸಿದೆ, ಕೈಗವಸು ಬಿಚ್ಚಿಸಿದೆ. ಆಕೆ ಉಗುರು ಹೋಗಿದ್ದು ನನ್ನಿಂದ."

ಯಜಮಾನಿ ಬಹಳ ನಿಧಾನವಾಗಿ ಕೇಳಿದರು. "ಯಾವಾಗ ಗೊತ್ತಾಯ್ತು?"

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ ಎಂದು ಮೇಷ್ಟ್ರಿಗೆ ಮೊದಲೇ ಗೊತ್ತಿತ್ತು. "ಹದಿಮೂರು ದಿನ ಆಯ್ತು."

"ಹದಿಮೂರು ದಿನ. ನಾವೆಲ್ಲ ಆಕೇನ ಅಂದಿದ್ದನ್ನ ಕೇಳ್ತಾ ನಿಂತಿದ್ರಿ."

"ನಿಂತಿದ್ದೆ."

ಯಾರಾದರೂ ಬೈದಿದ್ದರೆ ಮೇಷ್ಟ್ರಿಗೆ ನಿಲ್ಲಲು ಒಂದು ಆಸರೆ ಸಿಗುತ್ತಿತ್ತು. ಕೊಕ್ಕೆ ಎದ್ದು, ನೆಲ ನೋಡಿಕೊಂಡು, "ನಕ್ಕವನು ನಾನೂ ಒಬ್ಬ ಬಿಡಿ" ಎಂದು ತನ್ನ ಚೌಕಟ್ಟುಗಳ ಕಡೆ ನಡೆದ.

ಯಜಮಾನಿ ಅಂದೇ ಮಧ್ಯಾಹ್ನ, ವಾಪಸು ಬಾ ಎಂದು ಕರೆಯಲು ಲಾಂಡ್ರಿಗೆ ಹೋದರು. ಅಕ್ಕ ಒಂದು ವಾರ ಉತ್ತರ ಕೊಡಲಿಲ್ಲ. ಆಮೇಲೆ ಬಂದಳು. ಕಾಸ್ಟಿಕ್ಕಿಗೆ ಇನ್ನು ಕೈ ಹಾಕುವುದಿಲ್ಲ, ಬೆಳಗಿನ ಅಂಕಿ ತಾನೇ ಓದುತ್ತೇನೆ ಎಂದಳು. ಯಜಮಾನಿ ಒಪ್ಪಿದರು. ತೊಳೆಯುವ ಮೇಜು ಖಾಲಿ ಉಳಿಯಿತು. ಮೇಷ್ಟ್ರು ಯಾರೂ ಹೇಳುವ ಮುಂಚೆಯೇ ಹೋಗಿ ಅಲ್ಲಿ ನಿಂತರು.

ಅಕ್ಕ ಬಂದ ಮೇಲೆ ಕ್ರಮ ಬದಲಾಯಿತು. ಆಕೆ ಮೊದಲು ಹೊಸ ಮೀಟರನ್ನು ನೀಲಿ ಬಕೆಟ್ಟಿಗೆ ಬಿಟ್ಟು, "ಸೊನ್ನೆ" ಎನ್ನುತ್ತಾಳೆ. ಆಮೇಲೆ ತೊಟ್ಟಿಗೆ ಬಿಟ್ಟು, "ಇಪ್ಪತ್ತೆರಡು" ಎನ್ನುತ್ತಾಳೆ. ಆಮೇಲೆ ಎತ್ತಿ, ತೊಳೆದು, ಗೂಟಕ್ಕೆ ನೇತುಹಾಕುತ್ತಾಳೆ. ಮೂರು ತಿಂಗಳಿಗೊಮ್ಮೆ ಸೀಸೆ ಮತ್ತೆ ಲ್ಯಾಬಿಗೆ ಹೋಗುತ್ತದೆ. ಆಕೆಯ ದನಿಯಲ್ಲಿ ಚುಚ್ಚುವ ಸದ್ದೇನೂ ಇಲ್ಲ. ಆದರೂ ಆ "ಸೊನ್ನೆ" ಕೇಳಿದಾಗಲೆಲ್ಲ ಮೇಷ್ಟ್ರ ಕೈ ಒಂದು ಗಳಿಗೆ ನೀರಿನಲ್ಲೇ ನಿಲ್ಲುತ್ತದೆ. ಆ ಕೈಗಳೂ ಈಗ ಒಡೆದಿವೆ. ಮಲಗುವಾಗ ಹೆಂಡತಿ ಮುಲಾಮು ಹಚ್ಚುತ್ತಾಳೆ.

ಮೊನ್ನೆ ಒಂದು ಬೆಳಿಗ್ಗೆ ಅಕ್ಕ ತೊಟ್ಟಿಯ ಹತ್ತಿರದಿಂದ ಕೂಗಿದಳು. "ಅಣ್ಣ, ಕನ್ನಡಕ ಮನೇಲಿ ಬಿಟ್ಟು ಬಂದೆ. ಸ್ವಲ್ಪ ಓದಿ ಬನ್ನಿ."

ಮೇಷ್ಟ್ರು ಕೈಗವಸು ಕಳಚಿ, ಕೈ ಒರೆಸಿಕೊಂಡು ಬಂದರು. ಗೂಟದಿಂದ ಮೀಟರನ್ನು ತೆಗೆದುಕೊಂಡು ತೊಟ್ಟಿಯನ್ನು ದಾಟಿ ಹೋದರು. ಬಾಗಿಲ ಹತ್ತಿರದ ನೀಲಿ ಬಕೆಟ್ಟಿನ ಮುಂದೆ ಮಂಡಿಯೂರಿದರು. ಮೀಟರು ನಿಲ್ಲುವವರೆಗೆ ಕಾದರು. ಆಮೇಲೂ ಸ್ವಲ್ಪ ಹೊತ್ತು ಕಾದರು.

"ಸೊನ್ನೆ," ಎಂದರು. ದನಿ ಹೊರಡಲಿಲ್ಲ.

"ಕೇಳಿಸಲಿಲ್ಲ ಅಣ್ಣ."

"ಸೊನ್ನೆ," ಎಂದು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದರು ಮೇಷ್ಟ್ರು.